ಗೆಳೆತನದ ಫ್ಯಾಂಟಸಿ ಕಾದಂಬರಿ: ಯಾವ ಸರಣಿ ಯಾವ ಓದುಗರಿಗೆ?

12ರಿಂದ 16 ವಯಸ್ಸಿನವರಿಗೆ ಫ್ಯಾಂಟಸಿ ಕಾದಂಬರಿ ಆರಿಸುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಮಾಯಾಲೋಕದ ಕಡೆಗೆ. ಡ್ರ್ಯಾಗನ್ ಇದೆಯಾ, ಮಂತ್ರದಂಡ ಇದೆಯಾ, ದೇವರುಗಳು ಬರುತ್ತಾರಾ? ಇವೆಲ್ಲ ಮೊದಲ ಐವತ್ತು ಪುಟ ಓದಿಸುತ್ತವೆ. ಅದಾದ ಮೇಲೆ ಐದು ಅಥವಾ ಏಳು ಪುಸ್ತಕಗಳ ಸರಣಿಯನ್ನು ಮುಗಿಸುವಂತೆ ಮಾಡುವುದು ಕಥೆಯೊಳಗಿನ ಗೆಳೆತನ. ಯಾರು ಯಾರಿಗೆ ಹೇಗೆ ಜೊತೆಯಾದರು, ಯಾಕೆ ಮಾತು ಬಿಟ್ಟರು, ಮತ್ತೆ ಹೇಗೆ ಒಂದಾದರು ಅನ್ನುವುದೇ ಓದುಗರನ್ನು ಹಿಡಿದಿಡುತ್ತದೆ. ಆದ್ದರಿಂದ ಈ ಹೋಲಿಕೆಯಲ್ಲಿ ಮೊದಲು ನೋಡಿರುವುದು ಗೆಳೆತನ, ಆಮೇಲೆ ಇಂಗ್ಲಿಷಿನ ಮಟ್ಟ, ಕೊನೆಗೆ ಮಾಯೆಯ ನಿಯಮಗಳು. ಇಲ್ಲಿರುವುದೆಲ್ಲ ಇಂಗ್ಲಿಷ್ ಪುಸ್ತಕಗಳಾದ್ದರಿಂದ ಭಾಷೆಯ ವಿಚಾರವನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಪುಸ್ತಕದ ನಡುವಿನ ಒಂದು ಪುಟ ತೆರೆಯಿರಿ. ಲೇಖಕರು ಮೊದಲ ಪುಟವನ್ನು ಎಲ್ಲಕ್ಕಿಂತ ಹೆಚ್ಚು ತಿದ್ದಿ ತೀಡಿರುತ್ತಾರೆ, ಅದನ್ನು ನಂಬಿ ಕೊಳ್ಳಬೇಡಿ. ಓದುವವರು ಆ ಪುಟ ಓದುತ್ತಾ, ಅರ್ಥವಾಗದ ಪ್ರತಿ ಪದಕ್ಕೂ ಒಂದೊಂದು ಬೆರಳು ಮಡಚಲಿ. ಹೆಸರು, ಊರು, ಮಂತ್ರ ಇವುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಅವು ಇಂಗ್ಲೆಂಡಿನ ಮಕ್ಕಳಿಗೂ ಹೊಸವೇ. ಎರಡು ಮೂರು ಬೆರಳು ಮಡಚಿದರೆ ಪುಸ್ತಕ ಹದವಾಗಿದೆ. ನಾಲ್ಕಾದರೆ ದೊಡ್ಡವರು ಜೊತೆಗೆ ಕೂತು ಮೊದಲೆರಡು ಅಧ್ಯಾಯ ದಾಟಿಸಬೇಕಾಗುತ್ತದೆ. ಐದೂ ಮಡಚಿದರೆ ಒಂದು ವರ್ಷ ಕಾಯುವುದೇ ಸರಿ.

ಪರೀಕ್ಷೆಯ ಎರಡನೇ ಭಾಗವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪುಸ್ತಕ ಮುಚ್ಚಿಸಿ, ಆ ಪುಟದಲ್ಲಿ ಏನಾಯಿತು ಅಂತ ಕನ್ನಡದಲ್ಲಿ ಹೇಳಿಸಿ. ಒಂದು ಬೆರಳೂ ಮಡಚದೆ ಇದ್ದರೂ ಕಥೆ ಹೇಳಲಾಗದ ಮಕ್ಕಳಿದ್ದಾರೆ. ಪದಗಳೆಲ್ಲ ಗೊತ್ತಿರುತ್ತವೆ, ವ್ಯಂಗ್ಯ ಮಾತ್ರ ತಲುಪಿರುವುದಿಲ್ಲ. ಮುಂದೆ ಹೇಳಲಿರುವ ಪರ್ಸಿ ಜಾಕ್ಸನ್ ಮತ್ತು ಅರು ಶಾ ಸರಣಿಗಳಲ್ಲಿ ಈ ತೊಂದರೆ ಹೆಚ್ಚು. ಹ್ಯಾರಿ ಪಾಟರ್‌ನಲ್ಲಿ ಕಡಿಮೆ, ಅರ್ಥ್‌ಸೀಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಹ್ಯಾರಿ ಪಾಟರ್

ಏಳು ಪುಸ್ತಕ, 1997ರಿಂದ 2007ರವರೆಗೆ ಬಂದವು. ಜೆ.ಕೆ. ರೌಲಿಂಗ್ ಕಟ್ಟಿದ ಮಾಯಾಲೋಕ ಸೊಗಸಾಗಿದೆ, ಅದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗೆಳೆತನ ಹುಟ್ಟುವ ಒಂದು ದೃಶ್ಯವನ್ನು ಹತ್ತಿರದಿಂದ ನೋಡಿದರೆ ಸರಣಿ ಯಾರಿಗೆ ಹೊಂದುತ್ತದೆ ಅನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲ ಪುಸ್ತಕದ ಹ್ಯಾಲೋವೀನ್ ದಿನ. ವಸ್ತುಗಳನ್ನು ಗಾಳಿಯಲ್ಲಿ ತೇಲಿಸುವ ಮಂತ್ರದ ಪಾಠ ನಡೆದಿದೆ. ಹ್ಯಾರಿಯ ಗೆಳೆಯ ರಾನ್ ಮಂತ್ರವನ್ನು ತಪ್ಪಾಗಿ ಹೇಳುತ್ತಾನೆ, ಸಹಪಾಠಿ ಹರ್ಮಯೋನಿ ತಿದ್ದುತ್ತಾಳೆ. ತರಗತಿ ಬಿಟ್ಟ ಮೇಲೆ ರಾನ್ ಅವಳ ಬಗ್ಗೆ ಕೊಂಕು ಆಡಿದ್ದು ಅವಳ ಕಿವಿಗೆ ಬೀಳುತ್ತದೆ. ಅವಳು ಶೌಚಾಲಯದಲ್ಲಿ ಅಳುತ್ತಾ ಕೂತಿರುವಾಗ ದೈತ್ಯ ಟ್ರೋಲ್ ಒಂದು ಒಳಗೆ ನುಗ್ಗುತ್ತದೆ. ಹ್ಯಾರಿ, ರಾನ್ ಇಬ್ಬರೂ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಟ್ರೋಲ್ ಬೀಳುವುದು ಹರ್ಮಯೋನಿ ತಿದ್ದಿಕೊಟ್ಟ ಅದೇ ಮಂತ್ರವನ್ನು ರಾನ್ ಸರಿಯಾಗಿ ಹೇಳಿದ್ದರಿಂದ. ಆಮೇಲೆ ಟೀಚರ್ ಬಂದಾಗ, ನಿಯಮ ಮುರಿಯದ ಹರ್ಮಯೋನಿ ತಪ್ಪೆಲ್ಲ ತನ್ನದೇ ಅಂತ ಸುಳ್ಳು ಹೇಳಿ ಇಬ್ಬರನ್ನೂ ಉಳಿಸುತ್ತಾಳೆ. ಮೂವರ ಸ್ನೇಹ ಗಟ್ಟಿಯಾಗುವುದು ಟ್ರೋಲ್ ಬಿದ್ದ ಘಳಿಗೆಯಲ್ಲಲ್ಲ, ಆ ಸುಳ್ಳಿನಲ್ಲಿ. ಶಾಲೆಯಲ್ಲಿ ಒಂಟಿಯಾಗಿರುವ, ಎಲ್ಲದಕ್ಕೂ ಮೊದಲು ಕೈ ಎತ್ತುವ ಹುಡುಗಿಯರು ಈ ಸರಣಿಗೆ ಅಂಟಿಕೊಳ್ಳುವುದು ಇದಕ್ಕೇ.

ನಾಲ್ಕನೇ ಪುಸ್ತಕದಲ್ಲಿ ಹ್ಯಾರಿಯ ಹೆಸರು ಸ್ಪರ್ಧೆಗೆ ಬಂದಾಗ ರಾನ್‌ಗೆ ಹೊಟ್ಟೆಕಿಚ್ಚು ಹುಟ್ಟಿ ಇಬ್ಬರೂ ಮಾತು ಬಿಡುತ್ತಾರೆ. 13-14ರ ವಯಸ್ಸಿನಲ್ಲಿ ಇದು ಚುರುಕ್ಕನೆ ತಾಗುತ್ತದೆ. 9 ವರ್ಷದ ಮಗು ಇದೇ ಜಾಗದಲ್ಲಿ ಡ್ರ್ಯಾಗನ್ ಯಾವಾಗ ಬರುತ್ತದೆ ಅಂತ ಪುಟ ಹಾರಿಸುತ್ತದೆ.

ಎಡವುವ ಜಾಗಗಳು ಮೂರು. ಹ್ಯಾಗ್ರಿಡ್‌ನ ಮಾತನ್ನು ನೈಋತ್ಯ ಇಂಗ್ಲೆಂಡಿನ ಹಳ್ಳಿಯ ಉಚ್ಚಾರದಂತೆಯೇ ಅಕ್ಷರ ಕೂಡಿಸಿ ಬರೆಯಲಾಗಿದೆ. ಕಣ್ಣಲ್ಲಿ ಓದಿದರೆ ಅರ್ಥವಾಗದ್ದು ಜೋರಾಗಿ ಓದಿದರೆ ಅರ್ಥವಾಗುತ್ತದೆ. ಅದನ್ನು ಮೊದಲೇ ಹೇಳಿಕೊಡಿ. ಎರಡನೆಯದು ಬ್ರಿಟಿಷ್ ವಸತಿ ಶಾಲೆಯ ರೀತಿ ರಿವಾಜು: ಹೌಸ್ (ಮಕ್ಕಳನ್ನು ಹಂಚುವ ಗುಂಪು), ಪ್ರಿಫೆಕ್ಟ್ (ಶಿಸ್ತು ನೋಡಿಕೊಳ್ಳುವ ಹಿರಿಯ ವಿದ್ಯಾರ್ಥಿ), ಟರ್ಮ್ (ಶಾಲಾವರ್ಷದ ಒಂದು ಅವಧಿ). ಮೂರನೆಯದು ಗಾತ್ರ. ಮೊದಲ ಪುಸ್ತಕ 17 ಅಧ್ಯಾಯ, ಐದನೆಯದು 38 ಅಧ್ಯಾಯ. ಬ್ರಿಟನ್ನಿನ ಪ್ರಕಾಶಕ ಬ್ಲೂಮ್ಸ್‌ಬರಿಯ ಮೊದಲ ಮುದ್ರಣದಲ್ಲಿ ಐದನೆಯದು 766 ಪುಟ ಇತ್ತು. ನಾಲ್ಕನೆಯದರ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿಯ ಸಾವಿದೆ, ಅಲ್ಲಿಂದ ಮುಂದೆ ಕಥೆಯ ಬಣ್ಣವೇ ಬೇರೆ. ಚಿಕ್ಕ ವಯಸ್ಸಿನವರಿಗೆ ಮೊದಲ ಮೂರನ್ನು ಮಾತ್ರ ಕೊಟ್ಟು ಒಂದು ವರ್ಷ ಬಿಡುವುದು ಉತ್ತಮ. ಬಹುತೇಕರು ಸರಣಿಯನ್ನು ಕೈಬಿಡುವುದು ಐದರಲ್ಲೇ. ಕಾರಣ ಗಾತ್ರವೊಂದೇ ಅಲ್ಲ, ಹ್ಯಾರಿ ಆ ಪುಸ್ತಕದುದ್ದಕ್ಕೂ ಸಿಟ್ಟಿನಲ್ಲಿರುತ್ತಾನೆ. 15 ತುಂಬಿದವರಿಗೆ ಆ ಸಿಟ್ಟು ತಮ್ಮದೇ ಅನ್ನಿಸುತ್ತದೆ, 11ರವರಿಗೆ ಬರೀ ಕಿರಿಕಿರಿ.

ಪರ್ಸಿ ಜಾಕ್ಸನ್, ಅಥವಾ ಅರು ಶಾ

ಈ ಎರಡನ್ನು ಒಟ್ಟಿಗೇ ತೂಗಬೇಕು. ರಿಕ್ ರಿಯೋರ್ಡನ್‌ನ ಪರ್ಸಿ ಸರಣಿಯ ಮೊದಲ ಐದು ಪುಸ್ತಕ 2005ರಿಂದ 2009ರವರೆಗೆ ಬಂದವು. ರೋಶನಿ ಚೋಕ್ಶಿಯ ಅರು ಶಾ ಸರಣಿಯ ಐದು 2018ರಿಂದ 2022ರವರೆಗೆ, ಅದೂ ರಿಯೋರ್ಡನ್ ಹೆಸರಿನ ಪ್ರಕಾಶನ ಮುದ್ರೆಯಡಿಯಲ್ಲೇ. ಹಾಗಾಗಿ ಅಚ್ಚು ಒಂದೇ: 12 ವರ್ಷದ ನಾಯಕ ಅಥವಾ ನಾಯಕಿ, ದೇವರ ಮಗು ಅಂತ ತಡವಾಗಿ ಗೊತ್ತಾಗುವುದು, ಗಡುವಿನೊಳಗೆ ಮುಗಿಸಬೇಕಾದ ಒಂದು ಪಯಣ, ಸಾಲಿಗೊಂದು ನಗೆಮಾತು.

ಪರ್ಸಿಗೆ ಓದುವಾಗ ಅಕ್ಷರಗಳು ಓಡಾಡುತ್ತವೆ, ಒಂದು ಕಡೆ ಕೂರಲಾಗುವುದಿಲ್ಲ. ಡಿಸ್ಲೆಕ್ಸಿಯಾ ಮತ್ತು ಎಡಿಎಚ್‌ಡಿ ಎರಡೂ ಇವೆ. ಕಥೆಯಲ್ಲಿ ಇದಕ್ಕೆ ಕೊಟ್ಟಿರುವ ಕಾರಣ, ಅವನ ಮೆದುಳು ಪ್ರಾಚೀನ ಗ್ರೀಕ್ ಓದಲು ಹೊಂದಿಕೊಂಡಿದೆ, ಅವನ ಚಡಪಡಿಕೆ ಯುದ್ಧದಲ್ಲಿ ಜೀವ ಉಳಿಸುವ ಚುರುಕು ಅನ್ನುವುದು. ಲೇಖಕ ಈ ಕಥೆಯನ್ನು ಹೇಳಲು ಶುರು ಮಾಡಿದ್ದು ಇವೆರಡೂ ಇದ್ದ ತನ್ನ ಮಗನಿಗೆ. ಓದು ಅಂದರೆ ಮುಖ ತಿರುಗಿಸುವ ಮಕ್ಕಳಿಗೆ ಮೊದಲ ಆಯ್ಕೆ ಇದೇ ಆಗಬೇಕು. ಕಥೆಯನ್ನು ‘ನಾನು’ ಅಂತ ಪರ್ಸಿಯೇ ಹೇಳುತ್ತಾನೆ, ಪ್ರತಿ ಅಧ್ಯಾಯದ ಕೊನೆಗೂ ಮುಂದಿನದಕ್ಕೆ ಎಳೆಯುವ ಕೊಂಡಿ ಇದೆ. ಮೊದಲ ಅಧ್ಯಾಯದಲ್ಲೇ ಗಣಿತದ ಟೀಚರ್ ಮ್ಯೂಸಿಯಮ್ಮಿನೊಳಗೆ ರೆಕ್ಕೆಯ ರಾಕ್ಷಸಿಯಾಗುತ್ತಾರೆ. ಇನ್ನೇನು ಬೇಕು?

ಇಲ್ಲಿನ ಗೆಳೆತನ ಕರ್ತವ್ಯದಿಂದ ಶುರುವಾಗುತ್ತದೆ. ಶಾಲೆಯ ಗೆಳೆಯ ಗ್ರೋವರ್ ಪರ್ಸಿಯ ಪಕ್ಕದಲ್ಲಿರುವುದೇ ಕಾವಲಿಗಾಗಿ. ಆ ಸತ್ಯ ಹೊರಬಿದ್ದ ಮೇಲೂ ಸ್ನೇಹ ಉಳಿಯುತ್ತದಾ ಅನ್ನುವುದು ಪ್ರಶ್ನೆ. ಪಯಣದ ಜೊತೆಗಾತಿ ಅನ್ನಬೆತ್ ಗ್ರೀಕರ ಜ್ಞಾನದೇವತೆ ಅಥೀನಾಳ ಮಗಳು, ಪರ್ಸಿ ಸಮುದ್ರದೇವ ಪೊಸೈಡನ್‌ನ ಮಗ. ಹೆತ್ತವರಿಬ್ಬರಿಗೂ ಹಳೇ ವೈರ. ಗ್ರೀಕ್ ಪುರಾಣ ಗೊತ್ತಿಲ್ಲದಿದ್ದರೆ ಚಿಂತೆ ಬೇಡ, ಪರ್ಸಿಗೂ ಹೆಚ್ಚೇನೂ ಗೊತ್ತಿಲ್ಲ. ಅವನಿಗೆ ವಿವರಿಸುವಾಗ ಓದುಗರಿಗೂ ವಿವರಣೆ ಸಿಗುತ್ತದೆ.

ಅರು ಶಾ ವಿಷಯದಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ. ಅರು ಅಮೆರಿಕದ ಅಟ್ಲಾಂಟಾದಲ್ಲಿ, ಅಮ್ಮ ನೋಡಿಕೊಳ್ಳುವ ಪ್ರಾಚೀನ ಭಾರತೀಯ ಕಲೆಯ ಮ್ಯೂಸಿಯಮ್ಮಿನಲ್ಲೇ ವಾಸವಾಗಿದ್ದಾಳೆ. ಶ್ರೀಮಂತ ಸಹಪಾಠಿಗಳ ಮುಂದೆ ಸಣ್ಣವಳಾಗದಿರಲು ಬಾಯಿಬಿಟ್ಟರೆ ಸುಳ್ಳು. ಅವರು ಸವಾಲು ಹಾಕಿದರೆಂದು ಮುಟ್ಟಬಾರದ ದೀಪ ಹಚ್ಚುತ್ತಾಳೆ, ನಿದ್ರಿಸುತ್ತಿದ್ದ ಕೇಡು ಎದ್ದು ಕೂರುತ್ತದೆ. ಆಮೇಲೆ ಗೊತ್ತಾಗುತ್ತದೆ, ಅವಳೊಳಗಿರುವುದು ಅರ್ಜುನನ ಆತ್ಮ, ತಂದೆ ಇಂದ್ರ. ಜೊತೆಗೆ ಬರುವ ಮಿನಿ ಯುಧಿಷ್ಠಿರನ ಆತ್ಮ ಹೊತ್ತವಳು, ಯಮಧರ್ಮರಾಜನ ಮಗಳು. ರೋಗಾಣು ಕಂಡರೆ ನಡುಗುವ, ಬೆನ್ನಚೀಲದ ತುಂಬ ಔಷಧಿ ಹೊತ್ತು ತಿರುಗುವ ಹುಡುಗಿ! ಇನ್ನೂ ಪರಿಚಯವೂ ಆಗದ ಇಬ್ಬರಿಗೆ ‘ನೀವು ಅಕ್ಕತಂಗಿಯರು’ ಅಂತ ಹೇಳಿದರೆ ಏನಾಗುತ್ತದೆ ಅನ್ನುವುದೇ ಮೊದಲ ಪುಸ್ತಕದ ಜೀವ. ಸುಳ್ಳುಬುರುಕಿಯ ಜೊತೆ ಧರ್ಮರಾಯನ ಅಂಶದವಳನ್ನು ಕೂರಿಸಿದ್ದರ ತಮಾಷೆ ಮಹಾಭಾರತ ಕೇಳಿ ಬೆಳೆದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದು ಮಹಾಭಾರತದ ಮರುಕಥನ ಅಲ್ಲ. ಪಾಠಕ್ಕೆ ಉಪಯೋಗವಾಗುತ್ತದೆ ಅಂತ ಕೊಳ್ಳಬೇಡಿ. ದೇವರುಗಳ ಜೊತೆ ಸಲಿಗೆಯ ಹಾಸ್ಯ ಇದೆ, ಮನೆಯ ಹಿರಿಯರಿಗೆ ಅದು ಹಿಡಿಸದೆಯೂ ಇರಬಹುದು. ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗಂತೂ, ಶಾಲೆಯಲ್ಲಿ ಒಂದು ಬದುಕು, ಮನೆಯಲ್ಲಿ ಇನ್ನೊಂದು ಬದುಕು ಅನ್ನುವ ಅರುಳ ಪಾಡು ಹೊಸದೇನಲ್ಲ.

ಎರಡರಲ್ಲಿ ಒಂದೇ ಕೊಳ್ಳಬೇಕಾದರೆ ಹೀಗೆ ನಿರ್ಧರಿಸಿ. ಅಜ್ಜ ಅಜ್ಜಿಯ ಬಾಯಲ್ಲಿ ಪಾಂಡವರ ಕಥೆ ಕೇಳಿದವರಿಗೆ ಅರು. ಓದಿನ ಅಭ್ಯಾಸವೇ ಇಲ್ಲದವರಿಗೆ ಪರ್ಸಿ, ಯಾಕೆಂದರೆ ಅರು ಶಾದಲ್ಲಿ ಪಾಪ್ ಹಾಡು, ಸಿನಿಮಾಗಳ ಉಲ್ಲೇಖ ಹೆಚ್ಚು, ಓಟ ಅಲ್ಲಲ್ಲಿ ತಡವರಿಸುತ್ತದೆ. ಹುಡುಗನಿಗೆ ಪರ್ಸಿ, ಹುಡುಗಿಗೆ ಅರು ಅನ್ನುವ ಲೆಕ್ಕಾಚಾರಕ್ಕೆ ಅರ್ಥವಿಲ್ಲ.

ಅಕಾಟಾ ವಿಚ್

ನಮ್ಮಲ್ಲಿ ಅಷ್ಟಾಗಿ ಹೆಸರು ಕೇಳಿಬರದ, ಆದರೆ ನಮ್ಮ ಮಕ್ಕಳಿಗೆ ಬೇಗ ಹತ್ತಿರವಾಗಬಲ್ಲ ಪುಸ್ತಕ. ನ್ನೆಡಿ ಒಕೊರಾಫೋರ್ ಬರೆದದ್ದು, 2011. ಮುಂದಿನವು 2017 ಮತ್ತು 2022ರಲ್ಲಿ ಬಂದವು. ಸನ್ನಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಅಪ್ಪ ಅಮ್ಮನ ನೈಜೀರಿಯಾಕ್ಕೆ ಬಂದು ನೆಲೆಸಿದ 12ರ ಹುಡುಗಿ. ಹುಟ್ಟಿನಿಂದ ಚರ್ಮ, ಕೂದಲಲ್ಲಿ ಬಣ್ಣವಿಲ್ಲದ ಕಾರಣ ಬಿಸಿಲಲ್ಲಿ ಫುಟ್‌ಬಾಲ್ ಆಡುವಂತಿಲ್ಲ. ಒರ್ಲು, ಚಿಚಿ, ಸಾಶಾ ಜೊತೆಗೆ ಸೇರಿ ಮಾಟ ಕಲಿಯುವ ನಾಲ್ವರ ಗುಂಪಾಗುತ್ತದೆ.

ಇಲ್ಲಿನ ಎರಡು ವಿಚಾರ ಬೇರೆ ಯಾವುದರಲ್ಲೂ ಇಷ್ಟು ಚೆನ್ನಾಗಿಲ್ಲ. ಒಂದು, ಕೊರತೆ ಅಂತ ಹೊರಗಿನವರು ಎಣಿಸುವುದೇ ಶಕ್ತಿಯ ಬೇರು: ಅಕ್ಷರ ತಡವರಿಸುವ ಒರ್ಲುಗೆ ಬೇರೆಯವರ ಮಾಟ ಬಿಚ್ಚುವ ಕೈಗುಣ ಇದೆ. ಇನ್ನೊಂದು, ಚಿಟಿಮ್ ಅನ್ನುವ ನಾಣ್ಯ. ಈ ಲೋಕದಲ್ಲಿ ಯಾರಾದರೂ ಹೊಸದನ್ನು ಕಲಿತರೆ ಬಾಗಿದ ಲೋಹದ ಕಡ್ಡಿಗಳು ಠಣಠಣ ಅಂತ ಕಾಲ ಬುಡದಲ್ಲಿ ಬೀಳುತ್ತವೆ. ತಾಮ್ರದ್ದಕ್ಕೆ ಬೆಲೆ ಜಾಸ್ತಿ, ಚಿನ್ನದ್ದಕ್ಕೆ ಎಲ್ಲಕ್ಕಿಂತ ಕಡಿಮೆ. ಕಲಿಕೆಯೇ ಸಂಪಾದನೆಯಾದರೆ ಗೆಳೆಯರ ನಡುವೆ ಪೈಪೋಟಿ ಹೇಗಿರುತ್ತದೆ ಅನ್ನುವುದನ್ನು ಲೇಖಕಿ ಉಪದೇಶವಿಲ್ಲದೆ ತೋರಿಸುತ್ತಾರೆ.

ಎಚ್ಚರಿಕೆ: ಮಕ್ಕಳನ್ನು ಅಪಹರಿಸಿ ಕೊಲ್ಲುವ ಖಳನಾಯಕನ ಸುದ್ದಿ ಶುರುವಿನಿಂದಲೇ ಇದೆ, 12ಕ್ಕಿಂತ ಕೆಳಗಿನವರಿಗೆ ಬೇಡ. ನೈಜೀರಿಯಾದ ಇಗ್ಬೋ ಭಾಷೆಯ ಪದಗಳು ಬರುತ್ತವೆ, ಸಂದರ್ಭದಲ್ಲೇ ಅರ್ಥವಾಗುತ್ತವೆ. ಬ್ರಿಟನ್ನಿನಲ್ಲಿ ಇದೇ ಪುಸ್ತಕ ‘ವಾಟ್ ಸನ್ನಿ ಸಾ ಇನ್ ದ ಫ್ಲೇಮ್ಸ್’ ಅನ್ನುವ ಬೇರೆ ಹೆಸರಿನಲ್ಲೂ ಬಂದಿದೆ, ಎರಡನ್ನೂ ತರಿಸಬೇಡಿ.

ಅರ್ಥ್‌ಸೀ

ಅರ್ಸುಲಾ ಲೆ ಗ್ವಿನ್‌ರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ 1968ರದ್ದು. ಮಾಂತ್ರಿಕರ ಶಾಲೆ, ಸೊಕ್ಕಿನ ಹುಡುಗ, ಪ್ರತಿಸ್ಪರ್ಧಿ, ನಿಷ್ಠೆಯ ಗೆಳೆಯ, ಎಲ್ಲ ಇಲ್ಲಿವೆ. ಬರೀ 10 ಅಧ್ಯಾಯ. ಆದರೂ ಮೊದಲ ಪುಸ್ತಕವಾಗಿ ಕೊಟ್ಟರೆ ಹತ್ತರಲ್ಲಿ ಒಂಬತ್ತು ಸಲ ವಾಪಸ್ ಬರುತ್ತದೆ. ಸಂಭಾಷಣೆ ಕಡಿಮೆ, ವಾಕ್ಯಗಳಲ್ಲಿ ಹಳೆಯ ಕಾವ್ಯಗಳ ನಡೆ, ನಗೆಯಂತೂ ಇಲ್ಲ. ದೊಡ್ಡವರು ಜೋರಾಗಿ ಓದಿ ಹೇಳಿದರೆ ಮಾತ್ರ ಇದರ ರುಚಿ ಹತ್ತುತ್ತದೆ. ಒಂದು ಅಧ್ಯಾಯಕ್ಕೆ ಸುಮಾರು ಮುಕ್ಕಾಲು ಗಂಟೆ ಹಿಡಿಯಬಹುದು.

ಈ ಲೋಕದಲ್ಲಿ ಮಾಯೆಯೆಂದರೆ ವಸ್ತುವಿನ ನಿಜವಾದ ಹೆಸರು ತಿಳಿಯುವುದು. ಹೆಸರು ತಿಳಿದವರ ಕೈಯಲ್ಲಿ ಆ ವಸ್ತುವಿನ ಜುಟ್ಟು. ಮನುಷ್ಯರೂ ತಮ್ಮ ನಿಜನಾಮವನ್ನು ಬಚ್ಚಿಟ್ಟು ಅಡ್ಡಹೆಸರಿನಲ್ಲಿ ಬದುಕುತ್ತಾರೆ. ಕಥಾನಾಯಕ ಗೆಡ್ ಜಂಬಕ್ಕೆ ಬಿದ್ದು ಸತ್ತವರ ಲೋಕದಿಂದ ಒಂದು ನೆರಳನ್ನು ಕರೆದು, ಮುಖದ ತುಂಬ ಗಾಯದ ಗುರುತು ಹೊತ್ತು, ಯಾರಿಗೂ ಬೇಡವಾಗಿ ಉಳಿದಿರುತ್ತಾನೆ. ಓದು ಮುಗಿಸಿ ಊರಿಗೆ ಹೊರಟ ಗೆಳೆಯ ವೆಚ್, ಹೋಗುವ ಮುನ್ನ ಅವನಿಗೆ ತನ್ನ ನಿಜನಾಮ ಹೇಳುತ್ತಾನೆ. ಅಷ್ಟೇ. ಕೊಲ್ಲಬಲ್ಲ ಅಸ್ತ್ರವನ್ನೇ ಗೆಳೆಯನ ಕೈಗೆ ಕೊಟ್ಟಂತೆ. ಗೆಳೆತನವನ್ನೂ ಮಾಯೆಯ ನಿಯಮವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಇಂಥ ಜಾಗ ಮೇಲಿನ ಯಾವ ಸರಣಿಯಲ್ಲೂ ಸಿಗುವುದಿಲ್ಲ.

ಹುಡುಗಿಯರಿಗೆ ಈ ಮೊದಲ ಪುಸ್ತಕದಲ್ಲಿ ಜಾಗ ಇಲ್ಲ. ಹೆಂಗಸರ ಮಾಟ ದುರ್ಬಲ ಅನ್ನುವ ಗಾದೆಯೇ ಕಥೆಯೊಳಗಿದೆ. ಲೇಖಕಿ ಇದೇ ಸರಣಿಯ 1990ರ ‘ಟೆಹಾನು’ವಿನಲ್ಲಿ ಇದನ್ನೇ ಎತ್ತಿಕೊಂಡು ಪ್ರಶ್ನಿಸಿದರು, ಆದರೆ ಅದು ದೊಡ್ಡವರ ಕಾದಂಬರಿ. ನಡುವಿನ ‘ದ ಟೂಮ್ಸ್ ಆಫ್ ಅಟುವಾನ್’ನಲ್ಲಿ ಹುಡುಗಿಯೇ ಕೇಂದ್ರ. 14 ದಾಟಿದವರು ಅಲ್ಲಿಂದಲೇ ಶುರು ಮಾಡಿದರೂ ಕಥೆ ಕೈತಪ್ಪುವುದಿಲ್ಲ.

15 ದಾಟಿದವರಿಗೆ ಎರಡು

ಮ್ಯಾಗಿ ಸ್ಟೀಫ್‌ವಾಟರ್‌ರ ‘ದ ರೇವನ್ ಬಾಯ್ಸ್’ (2012, ಒಟ್ಟು ನಾಲ್ಕು ಪುಸ್ತಕ) ಮತ್ತು ಲೀ ಬಾರ್ಡುಗೋರ ‘ಸಿಕ್ಸ್ ಆಫ್ ಕ್ರೋಸ್’ (2015, ಒಟ್ಟು ಎರಡು). ಮೊದಲನೆಯದರಲ್ಲಿ ಗೆಳೆಯರ ನಡುವೆ ದುಡ್ಡು ನಿಲ್ಲುತ್ತದೆ. ದುಡಿದು ಫೀಸು ಕಟ್ಟುವ ಆಡಮ್, ಶ್ರೀಮಂತ ಗ್ಯಾನ್ಸಿ ನೀಡುವ ಸಹಾಯವನ್ನು ಮತ್ತೆ ಮತ್ತೆ ತಳ್ಳಿಹಾಕುತ್ತಾನೆ. ಇಬ್ಬರ ಕಡೆಯೂ ನ್ಯಾಯ ಇದೆ ಅನ್ನಿಸುವಂತೆ ಬರೆದಿದ್ದಾರೆ. ಮನೆಯೊಳಗಿನ ಹೊಡೆತ, ಬೈಗುಳ ಎರಡೂ ಇವೆ. ಕಥೆ ನಿಧಾನ. ಎರಡನೆಯದು ದರೋಡೆಯ ಕಥೆ, ಆರು ಜನ ಹಣಕ್ಕಾಗಿ ಕೂಡುತ್ತಾರೆ, ನಂಬಿಕೆ ಆಮೇಲೆ ಬರುತ್ತದೆ. ವೇಶ್ಯಾಗೃಹಕ್ಕೆ ಮಾರಾಟವಾದ ಹುಡುಗಿಯ ಹಿನ್ನೆಲೆ ಇದೆ, ಹಿಂಸೆ ಇದೆ. ಮೊದಲ ಅಧ್ಯಾಯ ಒಬ್ಬ ಕಾವಲುಗಾರನದು, ಮುಖ್ಯ ಪಾತ್ರಗಳ್ಯಾವುವೂ ಅಲ್ಲಿಲ್ಲ. ಎರಡನೇ ಅಧ್ಯಾಯಕ್ಕೆ ದಾಟಿಸಿದರೆ ಆಮೇಲೆ ತಾನಾಗಿ ಓಡುತ್ತದೆ. ಇದೇ ಲೋಕದ ಹಿಂದಿನ ಮೂರು ಪುಸ್ತಕ ಓದಿರಲೇಬೇಕೆಂದಿಲ್ಲ.

ಕೊಳ್ಳುವಾಗ ಆಗುವ ಎಡವಟ್ಟುಗಳು

‘ಹ್ಯಾರಿ ಪಾಟರ್ ಅಂಡ್ ದ ಕರ್ಸ್ಡ್ ಚೈಲ್ಡ್’ (2016) ಎಂಟನೇ ಕಾದಂಬರಿ ಅಲ್ಲ, ನಾಟಕದ ಪಠ್ಯ. ಸರಣಿ ಮುಗಿಸಿದವರಿಗೆ ಉಡುಗೊರೆಯಾಗಿ ಕೊಟ್ಟು ನಿರಾಸೆ ಮಾಡುವುದು ಹೆಚ್ಚಾಗಿ ಇದರಿಂದಲೇ. ‘ಫಿಲಾಸಫರ್ಸ್ ಸ್ಟೋನ್’ ಮತ್ತು ಅಮೆರಿಕದ ‘ಸಾರ್ಸರರ್ಸ್ ಸ್ಟೋನ್’ ಎರಡೂ ಒಂದೇ ಪುಸ್ತಕ, ಹ್ಯಾರಿ ಪಾಟರ್ ಸರಣಿಯ ಮೊದಲನೆಯದು. ಪರ್ಸಿಯ ಮೊದಲ ಕಥೆ ಕಾಮಿಕ್ಸ್ ರೂಪದಲ್ಲೂ ಇದೆ, ಆನ್‌ಲೈನಲ್ಲಿ ತರಿಸುವಾಗ ಗ್ರಾಫಿಕ್ ನಾವೆಲ್ ಅನ್ನುವ ಸಣ್ಣ ಅಕ್ಷರ ನೋಡಿಕೊಳ್ಳಿ. 2010ರಲ್ಲಿ ಶುರುವಾದ, ಪರ್ಸಿ ಕಥೆಯ ಮುಂದುವರಿಕೆಯ ಸರಣಿ ‘ಹೀರೋಸ್ ಆಫ್ ಒಲಿಂಪಸ್’ ಅನ್ನು ಮೊದಲ ಐದಕ್ಕಿಂತ ಮುಂಚೆ ಓದಿದರೆ ಹಳೆಯ ಕಥೆಯ ಗುಟ್ಟೆಲ್ಲ ರಟ್ಟಾಗುತ್ತದೆ.

ಪೂರ್ತಿ ಸೆಟ್ ಒಮ್ಮೆಗೇ ಕೊಳ್ಳಬೇಡಿ, ಎಷ್ಟೇ ರಿಯಾಯಿತಿ ಇರಲಿ. ಮೊದಲನೆಯದು ಹಿಡಿಸದಿದ್ದರೆ ಉಳಿದ ಆರು ಕಪಾಟಿನಲ್ಲಿ ಕೂತು, ಓದಲಿಲ್ಲ ಅನ್ನುವ ಅಪರಾಧಿ ಭಾವವನ್ನಷ್ಟೇ ಬೆಳೆಸುತ್ತವೆ. ಒಂದೊಂದಾಗಿ ಕೊಳ್ಳಲು ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳು ಅನುಕೂಲ.

ಫುಟ್‌ಪಾತಿನ ನಕಲಿ ಮುದ್ರಣ ಅಗ್ಗ ನಿಜ, ಆದರೆ ದಪ್ಪ ಪುಸ್ತಕಗಳಲ್ಲಿ ತೊಂದರೆ ಜಾಸ್ತಿ. ಪುಸ್ತಕಗಳನ್ನು 16 ಅಥವಾ 32 ಪುಟಗಳ ಕಟ್ಟುಗಳಾಗಿ ಮಡಚಿ ಸೇರಿಸುತ್ತಾರೆ, ಒಂದು ಕಟ್ಟು ಬಿಟ್ಟುಹೋದರೆ ಕಥೆಯ ನಡುವೆ ಅಷ್ಟೂ ಪುಟ ಮಾಯ. ಅಕ್ಷರ ಬೂದಿ ಬಣ್ಣಕ್ಕಿದ್ದರೆ, ಹಿಂದಿನ ಪುಟದ ಸಾಲು ಈ ಕಡೆ ಕಾಣುತ್ತಿದ್ದರೆ ಮುಟ್ಟಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ದುಡ್ಡು ಕೊಡುವ ಮುಂಚೆ ಹೆಬ್ಬೆರಳಲ್ಲಿ ಪುಟ ಹಾರಿಸುತ್ತಾ ಪುಟಸಂಖ್ಯೆ ನೋಡಿ, ಕೊನೆಯ ಅಧ್ಯಾಯವನ್ನಂತೂ ಒಂದೊಂದೇ ಹಾಳೆ ತಿರುಗಿಸಿ. ಕೈಯಿಂದ ಕೈಗೆ ಹೋದ ಪುಸ್ತಕದಲ್ಲಿ ಮೊದಲು ಉದುರುವುದು ಅಲ್ಲಿನ ಹಾಳೆಗಳೇ.